ಹಿಮ್ಮಡಿಗೆ ಸದ್ದಿನ ಪೆಟ್ಟು

ಮುಳ್ಳು ಚುಚ್ಚಿದರೆ ಕಿತ್ತು ತೋರಿಸಬಹುದು. ಬಾವು ಬಂದರೆ ಸೀರೆಯಂಚು ಸ್ವಲ್ಪ ಎತ್ತಿ ‘ನೋಡಿ’ ಅನ್ನಬಹುದು. ಹಿಮ್ಮಡಿ ನೋವಿಗೆ ಈ ಅನುಕೂಲ ಯಾವುದೂ ಇಲ್ಲ. ಹೊರಗಿನಿಂದ ನೋಡಿದರೆ ಕಾಲು ಕಾಲಿನ ಹಾಗೇ ಇರುತ್ತದೆ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಊರಿದಾಗ ಮಾತ್ರ ಹಿಮ್ಮಡಿಯೊಳಗೆ ಯಾರೋ ಮೊಳೆ ಇಟ್ಟು ಹೊಡೆದ ಹಾಗಾಗಿ ಜೀವ ಬಾಯಿಗೆ ಬರುತ್ತದೆ. ಗೋಡೆ ಹಿಡಿದುಕೊಂಡು, ಪಾದದ ಹೊರಗಂಚಿನ ಮೇಲೆ ಭಾರ ಹಾಕಿ ಬಚ್ಚಲವರೆಗೆ ಹೋಗಿ ಬರುವಷ್ಟರಲ್ಲಿ ಅದು ತಾನಾಗಿ ಇಳಿಯುತ್ತದೆ. ಸರಿಹೋಯಿತು ಅಂದುಕೊಂಡು ಎಲ್ಲಾದರೂ ಒಂದು ಗಳಿಗೆ ಕೂತಿರೋ, ಏಳುವಾಗ ಮತ್ತೆ ಅದೇ ಮೊಳೆ. ನಿಂತವರಿಗಿಂತ ಕೂತು ಎದ್ದವರ ಮೇಲೆ ಈ ನೋವಿಗೆ ಸಿಟ್ಟು ಹೆಚ್ಚು. ನಾನು ಹೇಳಹೊರಟಿರುವುದೂ ಒಂದು ಕಡೆ ಕೂತು ಏಳುವ ವಿಷಯವನ್ನೇ.

ನನ್ನ ತವರು ರಾಜಘಟ್ಟ. ಅಲ್ಲಿ ನಮ್ಮಜ್ಜಿ ಕೈಮಗ್ಗದಲ್ಲಿ ನೇಯುತ್ತಿದ್ದಳು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅಜ್ಜಿಯ ಕೈ ಓಡುತ್ತಿದ್ದಷ್ಟೂ ಹೊತ್ತು ಬಾಯಿಯೂ ಓಡುತ್ತಿತ್ತು. ನನಗೆ ಬರುವ ಮಾತೆಲ್ಲ ಆ ಗುಂಡಿಯ ಅಂಚಿನಲ್ಲಿ ಕೂತು ಕಲಿತದ್ದೇ. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದರೆ ಗಂಡನ ಮನೆಯಲ್ಲಿ ಇದ್ದವು ಕರೆಂಟಿನ ಮಗ್ಗಗಳು. ಅವುಗಳ ಮುಂದೆ ಕೂರುವ ಹಾಗಿಲ್ಲ. ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರಬೇಕು. ಅಡ್ಡನೂಲು ಎಳೆದುಕೊಂಡು ಅತ್ತಿತ್ತ ಓಡುವ ಲಾಳಿಯೊಳಗೆ ನೂಲು ಸುತ್ತಿದ ಸಣ್ಣ ಕಡ್ಡಿ ಇರುತ್ತದೆ, ಕಂಡಿಕೆ ಅನ್ನುತ್ತೇವೆ. ಅದರ ನೂಲು ಮುಗಿದರೆ ಮಗ್ಗ ತಾನಾಗಿ ನಿಂತುಬಿಡುತ್ತದೆ. ಹೋಗಿ ಬೇರೆ ಕಂಡಿಕೆ ಹಾಕಿ, ಹಿಡಿ ತಳ್ಳಿದರೆ ಮತ್ತೆ ಓಡುತ್ತದೆ. ಇದು ದಿನವಿಡೀ. ಅದೂ ಬರಿಗಾಲಲ್ಲಿ, ಸಿಮೆಂಟಿನ ನೆಲದ ಮೇಲೆ. ಅನ್ನ ಕೊಡುವ ಮಗ್ಗದ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲುವವರು ನಮ್ಮಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಏಳು ಮಗ್ಗ ಒಟ್ಟಿಗೆ ಓಡಿದರೆ ಆ ಸದ್ದಿನಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಅದಕ್ಕೇ ಮಗ್ಗದ ಮನೆಯವರೆಲ್ಲ ಬರೀ ತುಟಿಯಲ್ಲಿ ಮಾತಾಡುತ್ತೇವೆ. ಗಂಟಲಿಗೆ ಕೆಲಸವಿಲ್ಲ. ತುಟಿ ಆಡಿಸಿದರೆ ಸಾಕು, ಎದುರಿನವರು ಓದಿಕೊಳ್ಳುತ್ತಾರೆ. ನನ್ನ ಎದುರಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಅವಳ ತುಟಿಯ ಓಟಕ್ಕೆ ಲಾಳಿ ಸಾಟಿಯಾಗುತ್ತಿರಲಿಲ್ಲ. ನಮ್ಮತ್ತೆ ಅಲ್ಲೇ ಗೋಡೆಗೊರಗಿ ಕೂತು ಕಂಡಿಕೆ ಸುತ್ತುತ್ತಿದ್ದರು. ಅವರು ಕೈಮಗ್ಗದ ಕಾಲದವರಾದ್ದರಿಂದ ತುಟಿ ಓದುವುದು ಅವರಿಗೆ ಒಲಿಯಲೇ ಇಲ್ಲ. ಅವರ ಮೂಗಿನ ಕೆಳಗೇ ನಮ್ಮ ದರ್ಬಾರು ನಡೆಯುತ್ತಿತ್ತು.

“ನಿಮ್ಮತ್ತೆ ಮುಖ ನೋಡಕ್ಕ, ಹುಣಸೆಕಾಯಿ ಕಚ್ಚಿದಂಗಿದೆ.”

“ನಿನಗೇನ್ ಅತ್ತೆ ಅಲ್ವೇನೇ?”

“ಇವತ್ತು ನಿಂಗೆ ಅತ್ತೆ. ನಾಳೆ ಬೇಕಾದ್ರೆ ನಾನ್ ಇಟ್ಕೋತೀನಿ.”

ನಾನು ನಕ್ಕರೆ ಅತ್ತೆ ತಲೆಯೆತ್ತಿ ನೋಡುತ್ತಿದ್ದರು. ಅವಳು ಥಟ್ಟನೆ ಮುಖ ಗಂಭೀರ ಮಾಡಿಕೊಂಡು ಲಾಳಿ ನೋಡುತ್ತಿದ್ದಳು. ಸಿಕ್ಕಿಬೀಳುತ್ತಿದ್ದವಳು ನಾನೇ. ಹೀಗೆ ವರ್ಷಗಟ್ಟಲೆ, ಬೆಳಗಿನಿಂದ ಸಂಜೆವರೆಗೆ, ಒಂದು ಹನಿ ದನಿ ಖರ್ಚಿಲ್ಲದೆ ನಾವಿಬ್ಬರೂ ಆಡದ ಮಾತಿರಲಿಲ್ಲ. ಹೊಟ್ಟೆಯಲ್ಲಿ ನಿಲ್ಲದ ನನ್ನ ಎರಡು ಬಸಿರಿನ ಸಂಕಟವನ್ನೂ ನಾನು ಹೇಳಿಕೊಂಡದ್ದು ಅವಳೊಬ್ಬಳಿಗೇ, ಆ ಸದ್ದಿನ ನಡುವೆಯೇ. ಸಂಜೆ ಮಗ್ಗ ನಿಲ್ಲಿಸಿ ಅಡುಗೆಮನೆಗೆ ಬಂದರೆ ಇಬ್ಬರಿಗೂ ಮಾತೇ ಇರುತ್ತಿರಲಿಲ್ಲ. ಎಲ್ಲ ಅಲ್ಲೇ ಆಡಿ ಮುಗಿಸಿರುತ್ತಿದ್ದೆವು.

ತೊಂಬತ್ತರ ದಶಕ ಅರ್ಧ ಕಳೆದ ಮೇಲೆ ಅತ್ತೆ ತೀರಿಕೊಂಡರು. ವರ್ಷ ತುಂಬುವುದರೊಳಗೆ ಅಣ್ಣತಮ್ಮಂದಿರು ಭಾಗಕ್ಕೆ ಕೂತರು. ಮನೆ ಎರಡಾಯಿತು, ಪಾತ್ರೆ ಪಡಗ ಎರಡಾದವು, ಮಗ್ಗ ಮಾತ್ರ ಏಳು. ಮೂರು ಮೂರು ಹಂಚಿದ ಮೇಲೆ ಏಳನೆಯದಕ್ಕೆ ಜಗಳ ಹತ್ತಿತು. ನನ್ನ ಹಿಮ್ಮಡಿ ನೋವು ಆಗಿನ್ನೂ ಶುರುವಾಗಿ ಕೆಲವು ತಿಂಗಳಾಗಿತ್ತಷ್ಟೆ. ಬೀದಿಯ ಹಿರಿಯರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಮೈದುನ ಅದನ್ನೇ ಎತ್ತಿದ.

“ಅತ್ತಿಗೆ ಕೈಲಿ ನಿಂತ್ಕೊಳ್ಳಕ್ಕೇ ಆಗಲ್ಲ. ಬೆಳಿಗ್ಗೆ ಎದ್ದರೆ ಗೋಡೆ ಹಿಡ್ಕೊಂಡು ಓಡಾಡ್ತಾರೆ. ನಾಲ್ಕು ಮಗ್ಗ ಇಸ್ಕೊಂಡು ಯಾರ್ ನೋಡ್ಕೋತಾರೆ? ಅಣ್ಣ ನೋಡಿದ್ರೆ ಯಾವಾಗ್ಲೂ ಸೀರೆ ಗಂಟು ಹೊತ್ಕೊಂಡು ಬೆಂಗಳೂರು ಚಿಕ್ಕಪೇಟೆಲೇ ಇರ್ತಾನೆ.”

ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಅವತ್ತು ಮಾತ್ರ ಎದ್ದು ನಿಂತು, “ನನ್ನ ಹೆಂಡ್ತಿ ನಾಲ್ಕಲ್ಲ ಕಣೋ, ಎಂಟು ನೋಡ್ತಾಳೆ. ನಿನಗ್ಯಾಕೆ ಅವಳ ಕಾಲಿನ ಉಸಾಬರಿ?” ಅಂದುಬಿಟ್ಟರು.

ಹಿರಿಯರು ಒಂದು ತೀರ್ಮಾನ ಹೇಳಿದರು. ಏಳನೆಯ ಮಗ್ಗ ದೊಡ್ಡವನ ಪಾಲಿಗಿರಲಿ. ಆದರೆ ನೋಡಿಕೊಳ್ಳಲಾಗದೆ ಅದನ್ನು ನಿಲ್ಲಿಸಿದ ದಿನ ಚಿಕ್ಕವನಿಗೆ ಹೋಗಲಿ. ಮಗ್ಗ ಓಡಿಸುವವರದ್ದು, ಸುಮ್ಮನೆ ನಿಲ್ಲಿಸಿಟ್ಟುಕೊಳ್ಳುವವರದ್ದಲ್ಲ ಅನ್ನುವುದು ಅವರ ಮಾತು. ಎಲ್ಲರೂ ಒಪ್ಪಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ವಾರಗಿತ್ತಿ ಎದುರಿನ ಬಾಗಿಲಲ್ಲಿದ್ದಳು. ಅವಳ ಮುಖ ನೋಡಿದೆ. ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ತುಟಿ ಅಲುಗಲಿಲ್ಲ.

ಆಮೇಲೆ ಮಗ್ಗದ ಮನೆಯ ನಡುವೆ ಗೋಡೆ ಎದ್ದಿತು. ನೆಲದಿಂದ ಸೂರಿನ ಶೀಟಿನವರೆಗೆ, ಸಿಮೆಂಟ್ ಇಟ್ಟಿಗೆಯ ಗೋಡೆ. ಆಚೆ ಮೂರು ಮಗ್ಗ, ಈಚೆ ನಾಲ್ಕು. ಸದ್ದಿಗೆ ಭಾಗವಾಗಲಿಲ್ಲ, ಅದು ಎರಡೂ ಕಡೆ ಮೊದಲಿನ ಹಾಗೇ ತುಂಬಿಕೊಂಡಿತ್ತು. ಅವಳ ಮುಖವಿದ್ದ ಜಾಗದಲ್ಲಿ ಮಾತ್ರ ಗಿಲಾವು ಮಾಡದ ಇಟ್ಟಿಗೆ. ಮೊದಲ ದಿನಗಳಲ್ಲಿ ಏನೋ ಹೇಳಲು ತಲೆಯೆತ್ತಿ, ಆ ಇಟ್ಟಿಗೆ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಗಂಡಸರು ಒಬ್ಬರ ಹೊಸಲು ಇನ್ನೊಬ್ಬರು ದಾಟಬಾರದೆಂದು ಮಾಡಿಕೊಂಡಿದ್ದರು. ಹೆಂಗಸರಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಇನ್ನು ಉಳಿದಿದ್ದದ್ದು ಒಂದೇ ಜಾಗ. ನಮ್ಮ ಬೀದಿಯ ಹೊಂಗೆಮರದ ಕೆಳಗೆ ಒಂದು ಉದ್ದನೆಯ ಕಲ್ಲುಚಪ್ಪಡಿ ಇತ್ತು. ಕರೆಂಟು ಹೋದರೆ ಇಡೀ ಬೀದಿಯ ಮಗ್ಗಗಳು ಒಂದೇ ಏಟಿಗೆ ನಿಲ್ಲುತ್ತಿದ್ದವು. ಆಗ ಹೆಂಗಸರೆಲ್ಲ ಹೊರಗೆ ಬಂದು ಆ ಕಲ್ಲಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಕಿವಿಯೊಳಗೆ ಇನ್ನೂ ಮಗ್ಗ ಓಡುತ್ತಿರುವುದರಿಂದ ಮೊದಮೊದಲು ಜಗಳವಾಡುವವರ ಹಾಗೆ ಕೂಗಿ ಮಾತಾಡುತ್ತಿದ್ದರು, ಆಮೇಲೆ ದನಿ ಇಳಿಯುತ್ತಿತ್ತು. ಅಲ್ಲಿಗೆ ವಾರಗಿತ್ತಿಯೂ ಬರುತ್ತಿದ್ದಳು. ಅಲ್ಲಿ ಕೂತರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ, ಬೀದಿಯ ಕಲ್ಲು ಯಾರ ಭಾಗಕ್ಕೂ ಬಂದದ್ದಲ್ಲ.

ನಾನು ಹೋಗಲಾರದಾದೆ. ಹೋಗಿ ಕೂರಬಹುದಿತ್ತು, ಏಳುವುದು ಹೇಗೆ? ಕರೆಂಟು ಬಂದೊಡನೆ ಎಲ್ಲರೂ ಎದ್ದು ಓಡುವಾಗ ನಾನೊಬ್ಬಳು ಕಲ್ಲು ಹಿಡಿದುಕೊಂಡು, ಹಲ್ಲು ಕಚ್ಚಿ, ಕುಂಟುತ್ತಾ ಹೊರಟರೆ ಸಂಜೆಯೊಳಗೆ ಮೈದುನನ ಕಿವಿಗೆ ಬೀಳುತ್ತಿತ್ತು. ಯಜಮಾನರಂತೂ ಸ್ಪಷ್ಟವಾಗಿ ಹೇಳಿದ್ದರು: “ಮನೆಯೊಳಗೆ ಎಷ್ಟು ಬೇಕಾದ್ರೂ ಕುಂಟು. ಬೀದೀಲಿ ಕುಂಟಬೇಡ.” ಹಿರಿಯರ ಎದುರಿಗೆ ಆಡಿದ ಮಾತಿನ ಭಾರವನ್ನೆಲ್ಲ ಅವರು ನನ್ನ ಒಂದು ಹಿಮ್ಮಡಿಯ ಮೇಲೆ ಇಟ್ಟಿದ್ದರು.

ಹಾಗಾಗಿ ಕರೆಂಟು ಹೋದಾಗ ನಾನು ಮಗ್ಗದ ಮನೆಯಲ್ಲೇ ನಿಂತಿರುತ್ತಿದ್ದೆ. ಒಳಗೂ ಕೂರುತ್ತಿರಲಿಲ್ಲ. ನೇಯ್ದ ಬಟ್ಟೆಯ ಮೇಲೆ ಕೈ ಊರಿಕೊಂಡು, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, ಅರೆಗತ್ತಲಲ್ಲಿ ನಿಂತು ಹೊರಗಿನ ಮಾತು ಕೇಳುತ್ತಿದ್ದೆ. ಒಂದು ಸಲ ಯಾರೋ ಕೇಳಿದರು, “ಯಾಕ್ರೇ, ದೊಡ್ಡೋರು ಹೊರಗೇ ಬರಲ್ಲ?”

“ನಾಲ್ಕು ಮಗ್ಗದ ಯಜಮಾನ್ತಿ ಕಣವ್ವಾ. ನಮ್ಮಂಥೋರ್ ಜೊತೆ ಕೂತ್ರೆ ಒಂದ್ ಮಗ್ಗ ಕಮ್ಮಿಯಾಗಲ್ವಾ!”

ಎಲ್ಲರೂ ನಕ್ಕರು. ವಾರಗಿತ್ತಿಯ ನಗು ಅದರಲ್ಲಿತ್ತೋ ಇಲ್ಲವೋ ಅಂತ ಕಿವಿಗೊಟ್ಟು ಹುಡುಕಿದೆ. ತಿಳಿಯಲಿಲ್ಲ. ಅಷ್ಟು ವರ್ಷ ಅವಳು ನಗುವುದನ್ನು ನೋಡಿದ್ದೆ, ಕೇಳಿದ್ದು ಕಡಿಮೆ.

ನನಗೆ ಆ ಏಳನೆಯ ಮಗ್ಗದ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಹೊರಗೆ ಹೋಗಿ, ಅವಳ ಪಕ್ಕ ಕೂತು, ಎಲ್ಲರಂತೆ ಎದ್ದು ಬರುವ ಹಾಗಾದರೆ ಸಾಕು ಅನ್ನಿಸಿತ್ತು. ಅಷ್ಟಕ್ಕಾಗಿ ಏನೇನು ಮಾಡಿದೆನೋ! ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಒತ್ತಿದೆ. ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡೆ. ಹಳೇ ಸೀರೆ ಮಡಿಸಿ ಮಗ್ಗದ ಮುಂದೆ ಹಾಸಿಕೊಂಡೆ. ಊರಿನ ಡಾಕ್ಟರು ಮೆತ್ತನೆಯ ಚಪ್ಪಲಿ ಬರೆದುಕೊಟ್ಟು ಮನೆಯೊಳಗೂ ಹಾಕಿಕೊಳ್ಳಲು ಹೇಳಿದರು. ಅಡುಗೆಮನೆಯವರೆಗೆ ಹಾಕಿಕೊಳ್ಳುತ್ತಿದ್ದೆ, ಮಗ್ಗದ ಮನೆಯ ಬಾಗಿಲಲ್ಲಿ ಬಿಡುತ್ತಿದ್ದೆ. ಹಿಮ್ಮಡಿಗೇ ಇಂಜೆಕ್ಷನ್ ಕೊಟ್ಟರು. ಆ ಸೂಜಿಯ ಉರಿಯನ್ನು ಈಗ ನೆನೆದರೂ ಕಾಲು ಹಿಂದಕ್ಕೆಳೆದುಕೊಳ್ಳುವ ಹಾಗಾಗುತ್ತದೆ. ಎರಡು ತಿಂಗಳು ನೋವು ಅರ್ಧ ಇಳಿದಿತ್ತು, ಏಳುವಾಗಿನ ಕುಂಟು ಮಾತ್ರ ಹೋಗಲಿಲ್ಲ, ಆಮೇಲೆ ಮತ್ತೆ ಮೊದಲಿನಂತಾಯಿತು.

ಕೊನೆಗೆ ಆ ಡಾಕ್ಟರೇ ಹೇಳಿದರು. “ಇನ್ನು ಇಂಜೆಕ್ಷನ್ ಬೇಡಮ್ಮ. ಬೆಂಗಳೂರಲ್ಲಿ ಒಬ್ಬರು ಮೂಳೆ ಡಾಕ್ಟರ ಹತ್ರ ಹೊಸ ಮೆಷೀನ್ ಬಂದಿದೆಯಂತೆ. ಶಾಕ್ ವೇವ್ ಅಂತಾರೆ. ಕುಯ್ಯೋದಿಲ್ಲ, ಚುಚ್ಚೋದಿಲ್ಲ. ಬರೆದುಕೊಡ್ತೀನಿ, ಒಂದ್ಸಲ ತೋರಿಸ್ಕೊಂಡು ಬನ್ನಿ.”

ಮನೆಗೆ ಬಂದು ಯಜಮಾನರಿಗೆ ಹೇಳಿದರೆ, “ಶಾಕ್ ಹೊಡೆಸ್ಕೊಳ್ಳಕ್ಕೆ ಬೆಂಗಳೂರ್‌ಗ್ಯಾಕೆ ಹೋಗ್ಬೇಕು? ನಮ್ಮ ಮೂರನೇ ಮಗ್ಗದ ಸ್ವಿಚ್ಚು ಒದ್ದೆ ಕೈಲಿ ಮುಟ್ಟು, ಆಗುತ್ತೆ” ಅಂದರು. ನಗೆಯಾಡಿದರೂ ಮುಂದಿನ ವಾರ ತಾವೇ ಕರೆದುಕೊಂಡು ಹೊರಟರು. ಬೀದಿಯವರಿಗೆ ಕಣ್ಣು ತೋರಿಸಲು ಹೋಗುತ್ತಿದ್ದೇವೆಂದು ಹೇಳಿದೆವು. ಅದರಿಂದಾದ ಫಜೀತಿ ಏನೆಂದರೆ, ಆಮೇಲೆ ಎದುರಾದವರೆಲ್ಲ ತಿಂಗಳುಗಟ್ಟಲೆ “ಎಲ್ರೀ, ಕನ್ನಡಕ ಹಾಕಿಲ್ಲ?” ಅಂತ ಕೇಳಿದರು.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ಕಂಬಿ ಹಿಡಿದು ನಿಂತೇ ಹೋದೆ. ಕೂತರೆ ಇಳಿಯುವಾಗಿನ ಮೊದಲ ಹೆಜ್ಜೆಯ ಭಯ. ಕಂಡಕ್ಟರ್ ಎರಡು ಸಲ ನೋಡಿ, “ಕೂತ್ಕೊಳಮ್ಮ ತಾಯಿ, ಕಾಲ್ ನೋವು ಬಂದಾತು” ಅಂದ. ಯಜಮಾನರು ಕಿಟಕಿಯಾಚೆ ಮುಖ ತಿರುಗಿಸಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಹಿಮ್ಮಡಿಯ ಮೂಳೆಯಿಂದ ಒಂದು ಸಣ್ಣ ಮುಳ್ಳು ಮುಂದಕ್ಕೆ ಚಾಚಿತ್ತು. ಅದನ್ನು ಪುಡಿ ಮಾಡುತ್ತೀರಾ ಅಂತ ಕೇಳಿದೆ. ಕಿಡ್ನಿಯ ಕಲ್ಲು ಒಡೆಯಲು ಇಂಥದೇ ಮೆಷೀನು ಇದೆಯೆಂದು ಹೊರಗೆ ಕೂತಿದ್ದ ಯಾರೋ ಹೇಳಿದ್ದರು.

“ಮುಳ್ಳು ಅದರ ಪಾಡಿಗಿರುತ್ತೆ ಬಿಡಿ” ಅಂದರು ಡಾಕ್ಟರು. “ನೋವು ಅದರದ್ದಲ್ಲ. ನಿಮ್ಮ ಪಾದದಡಿ ಬೆರಳಿನ ಕಡೆಯಿಂದ ಹಿಮ್ಮಡಿವರೆಗೂ ಒಂದು ಗಟ್ಟಿ ಪಟ್ಟಿ ಇದೆ. ನಿಂತೂ ನಿಂತೂ ಅದು ಹಿಮ್ಮಡಿಗೆ ಅಂಟಿರೋ ಕಡೆ ಸವೆದುಹೋಗಿದೆ. ದೇಹ ಅದನ್ನ ರಿಪೇರಿ ಮಾಡೋದನ್ನೇ ಬಿಟ್ಟುಬಿಟ್ಟಿದೆ. ಅಲ್ಲಿಗೆ ನಾವು ಹೊರಗಿಂದ ಪೆಟ್ಟು ಕೊಟ್ಟು ಎಬ್ಬಿಸ್ತೀವಿ. ಆಮೇಲೆ ರಿಪೇರಿ ದೇಹದ್ದೇ.”

“ಕರೆಂಟಿನ ಪೆಟ್ಟಾ ಸಾರ್?”

“ಅಲ್ಲಮ್ಮ. ಸದ್ದಿನ ಅಲೆಯ ಪೆಟ್ಟು. ಎಲ್ಲರಿಗೂ ಗುಣವಾಗುತ್ತೆ ಅಂತ ನಾನು ಹೇಳಲ್ಲ. ಗುಣವಾದರೂ ನಿಧಾನ, ತಿಂಗಳುಗಳು ಹಿಡಿಯುತ್ತೆ. ಕೆಲವು ವಾರಕ್ಕೊಂದು ಸಲದ ಹಾಗೆ ಮೂರು ಸಲ ಬರಬೇಕು.”

ಹಗಲೆಲ್ಲ ಸದ್ದಿನಲ್ಲೇ ನಿಂತು ತಂದುಕೊಂಡ ನೋವಿಗೆ ಸದ್ದಿನದೇ ಮದ್ದು. ನನಗೆ ನಗು ಬಂತು. ಹೇಳಿಕೊಂಡು ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಯಜಮಾನರು ಆಗಲೇ ಸೀರೆ ಗಂಟು ಎತ್ತಿಕೊಂಡು, “ಮುಗಿಯೋ ಹೊತ್ತಿಗೆ ಬಂದ್ಬಿಡ್ತೀನಿ” ಅಂತ ಚಿಕ್ಕಪೇಟೆಗೆ ಹೋಗಿಯಾಗಿತ್ತು.

ಒಳಗಿನ ಕೋಣೆಯಲ್ಲಿ ಎತ್ತರದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದರು. ಮೆಷೀನು ನಡೆಸುವವಳು ಒಬ್ಬ ಹುಡುಗಿ, ಬಿಳಿ ಕೋಟು ಹಾಕಿದ್ದಳು. ಹಿಮ್ಮಡಿಗೆ ತಣ್ಣನೆಯ ಲೋಳೆ ಬಳಿದಳು. ನೀರು ತುಂಬಿದ ಮೆತ್ತೆಯಂಥ ಮೂತಿಯಿದ್ದ ಮೆಷೀನಿನ ಕೈಯೊಂದನ್ನು ಅಲ್ಲಿಗೆ ಒತ್ತಿ ಹಿಡಿದಳು. “ಆಂಟಿ, ಇದು ಸ್ವಲ್ಪ ಸ್ವಲ್ಪ ಜಾಗ ಬದಲಾಯಿಸ್ತಾ ಹೋಗ್ತೀನಿ. ಎಲ್ಲಿ ಜಾಸ್ತಿ ನೋವಾಗುತ್ತೋ ಅಲ್ಲಿ ಹೇಳ್ಬೇಕು. ಅದೇ ಸರಿಯಾದ ಜಾಗ. ಅಲ್ಲೇ ನಿಲ್ಲಿಸಿ ಕೊಡ್ತೀನಿ. ಹೇಳ್ತೀರಲ್ವಾ?” ಅಂದಳು. ಹೂಂ ಅಂದೆ.

ಮೆಷೀನು ಶುರುವಾಯಿತು. ಟಕ್, ಟಕ್, ಟಕ್. ಪಕ್ಕಾ ಮಗ್ಗದ್ದೇ ತಾಳ. ಒಂದೊಂದು ಟಕ್ಕಿಗೂ ಹಿಮ್ಮಡಿಗೆ ಕಲ್ಲಿನಿಂದ ಹೊಡೆದ ಹಾಗೆ. ಮೂತಿ ನಿಧಾನವಾಗಿ ಸರಿಯುತ್ತಾ ಒಂದು ಕಡೆ ಬಂದಾಗ, ಬೆಳಿಗ್ಗೆ ಮಂಚದಿಂದ ಇಳಿಯುವಾಗ ಚುಚ್ಚುವ ಆ ಮೊಳೆಯ ತಲೆಗೇ ನೆಟ್ಟಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ‘ಅಲ್ಲೇ, ಅಲ್ಲೇ’ ಅಂದೆ. ಹುಡುಗಿ ನಿಲ್ಲಿಸಲಿಲ್ಲ, ಮೂತಿ ಮುಂದೆ ಸರಿಯಿತು. ‘ಹಿಂದಕ್ಕೆ ಬಾ ತಾಯಿ, ದಾಟಿಹೋದೆ’ ಅಂದೆ. ಅವಳು ತಲೆ ತಗ್ಗಿಸಿ ನನ್ನ ಪಾದವನ್ನೇ ನೋಡುತ್ತಿದ್ದಳು. ಪೆಟ್ಟುಗಳೆಲ್ಲ ನೋವಿಲ್ಲದ ಜಾಗಕ್ಕೆ ಬೀಳುತ್ತಾ ಮುಗಿದವು.

ಆಮೇಲೆ ಡಾಕ್ಟರು ಬಂದು ಬೆರಳಿನಿಂದ ಹಿಮ್ಮಡಿ ಒತ್ತಿ ನೋಡಿದರು. ನಾನು ಚೀರಿದೆ. ಹುಡುಗಿ ಗಾಬರಿಯಾದಳು.

“ಇಲ್ಲೇನೂ ನೋವಿಲ್ಲ ಅಂದುಕೊಂಡು ನಾನು ಮುಂದೆ ಹೋದೆ ಸರ್. ಇವರು ಹೇಳಲೇ ಇಲ್ಲ.”

“ಹೇಳಿದ್ನಲ್ಲಮ್ಮ. ಎಷ್ಟು ಸಲ ಹೇಳ್ದೆ.”

“ಇಲ್ಲ ಆಂಟಿ. ಒಂದು ಶಬ್ದಾನೂ ಬರಲಿಲ್ಲ ನಿಮ್ಮ ಬಾಯಿಂದ.”

ಆಗ ನನಗೆ ಅರ್ಥವಾಯಿತು. ಟಕ್ ಟಕ್ ಶುರುವಾದೊಡನೆ ನನ್ನ ಗಂಟಲು ತಾನಾಗಿ ಮುಚ್ಚಿಕೊಂಡು ತುಟಿ ಮಾತಾಡಲು ಹೊರಟಿತ್ತು. ಆ ತಾಳಕ್ಕೆ ನನ್ನ ಬಾಯಿಗೆ ಗೊತ್ತಿದ್ದದ್ದು ಅದೊಂದೇ. ಗೋಡೆ ಎದ್ದ ಮೇಲೆ ಮೊದಲ ಸಲ ನಾನು ಹಾಗೆ ಮಾತಾಡಿದ್ದೆ, ಅದೂ ನನ್ನ ಮುಖವನ್ನೇ ನೋಡದ ಒಂದು ಬಗ್ಗಿದ ತಲೆಗೆ. ಡಾಕ್ಟರಿಗೆ ಇದನ್ನು ವಿವರಿಸಲು ಹೋಗಲಿಲ್ಲ. “ಮರ್ತುಹೋಯ್ತು ಸಾರ್” ಅಂದೆ. ಯಜಮಾನರು ಬರುವವರೆಗೆ ಹೊರಗಿನ ಓಣಿಯಲ್ಲಿ ಬೆಂಚಿನ ಪಕ್ಕ ನಿಂತಿದ್ದೆ. ಓಡಾಡುವವರೆಲ್ಲ ಮಾತಾಡುತ್ತಲೇ ಓಡಾಡುತ್ತಿದ್ದರು. ಎಲ್ಲರ ಮಾತಿಗೂ ದನಿಯಿತ್ತು. ‘ಹೇಗಾಯ್ತು?’ ಅಂದರು ಯಜಮಾನರು. ‘ಆಯ್ತು’ ಅಂದೆ.

ಎರಡನೆಯ ಸಲ ಆ ಹುಡುಗಿ ಮೊದಲೇ ನನ್ನ ಮುಖದ ಹತ್ತಿರ ಬಗ್ಗಿ, “ಆಂಟಿ, ಇವತ್ತು ಕೂಗ್ಬೇಕು. ನಾಚಿಕೆ ಬೇಡ. ಆಸ್ಪತ್ರೆ ಎಲ್ಲಾ ಓಡಿ ಬರಲಿ” ಅಂದಳು. ಮೂತಿ ಆ ಜಾಗಕ್ಕೆ ಬಂದಾಗ ತುಟಿ ಮತ್ತೆ ಸುಮ್ಮನೆ ಅಲುಗಿತು. ಬಲವಂತವಾಗಿ ಗಂಟಲು ಬಿಡಿಸಿಕೊಂಡು, “ಅಲ್ಲೇ!” ಅಂತ ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೆಂದರೆ ಹುಡುಗಿ ಬೆಚ್ಚಿಬಿದ್ದು ಕೈ ತೆಗೆದಳು, ಹೊರಗಿದ್ದ ಆಯಾ ಬಾಗಿಲು ತೆಗೆದು ಇಣುಕಿದಳು. “ಸೂಪರ್ ಆಂಟಿ, ಹಿಂಗಿರ್ಬೇಕು” ಅಂದು ಹುಡುಗಿ ಆ ಜಾಗಕ್ಕೇ ಮೂತಿ ಒತ್ತಿ ಹಿಡಿದಳು. ಅವತ್ತು ಮುಗಿಯುವವರೆಗೂ ಕೂಗಿದೆ. ಕಾಲಿನ ನೋವಿಗೆ ಕೂಗುತ್ತಿದ್ದೆ ಅಂತ ಅವಳು ತಿಳಿದಿರಬೇಕು. ಶುರುವಿನಲ್ಲಿ ಅದಕ್ಕೇ ಕೂಗಿದ್ದು. ಆಮೇಲಾಮೇಲೆ ಯಾತಕ್ಕೆ ಕೂಗುತ್ತಿದ್ದೇನೆಂದು ನನಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಮಗ್ಗ ಓಡುತ್ತಿದ್ದಾಗ ಹೀಗೆ ಕೂಗಬಹುದಿತ್ತು, ಯಾರಿಗೂ ಕೇಳುತ್ತಿರಲಿಲ್ಲ. ಒಮ್ಮೆಯೂ ಹೊಳೆದಿರಲಿಲ್ಲ.

ಮೂರನೆಯ ಸಲ ಒಬ್ಬಳೇ ಹೋಗಿ ಬಂದೆ.

ಮೊದಲ ಕೆಲವು ದಿನ ನೋವು ಇನ್ನೂ ಹೆಚ್ಚಾಯಿತು. ಯಜಮಾನರು, “ಹೊಡೆಸ್ಕೊಂಡು ಬಂದಿದ್ದಾಯ್ತು, ಇನ್ನೇನು” ಅಂದರು. ಕಂಡಿಕೆ ಮುಗಿದು ನಾಲ್ಕನೆಯ ಮಗ್ಗ, ಅಂದರೆ ಜಗಳದ ಆ ಏಳನೆಯದು, ನಿಂತರೆ ಅಲ್ಲಿಗೆ ಹೋಗಿ ಮುಟ್ಟಲು ನನಗೆ ಹೊತ್ತಾಗುತ್ತಿತ್ತು. ಅದು ಗೋಡೆಯ ಪಕ್ಕದ್ದು, ನಾನು ನಿಲ್ಲುವ ಕಡೆಯಿಂದ ದೂರ. ನಿಂತ ಮಗ್ಗವನ್ನು ನೋಡುತ್ತಾ, ಉಳಿದ ಮೂರರ ಚೌಕಟ್ಟು ಹಿಡಿದುಕೊಂಡು ಹೆಜ್ಜೆ ಎಣಿಸುವವಳ ಹಾಗೆ ಹೋಗುತ್ತಿದ್ದೆ. ಚಳಿಗಾಲ ಕಳೆಯಿತು. ನೋವು ಇಳಿಯಿತೆಂದು ಹೇಳಲು ಒಂದು ದಿನ ಅಂತ ಇಲ್ಲ. ಒಂದು ಬೆಳಿಗ್ಗೆ ಒಲೆ ಹಚ್ಚಿ ಹಾಲಿಟ್ಟ ಮೇಲೆ, ಅಲ್ಲಿಯವರೆಗೆ ಗೋಡೆ ಹಿಡಿಯದೆ ಬಂದಿದ್ದೇನೆ ಅನ್ನುವುದು ನೆನಪಾಯಿತು. ಹಿಂದಕ್ಕೆ ಹೋಗಿ ಮಂಚದ ಮೇಲೆ ಕೂತು ಮತ್ತೆ ಎದ್ದೆ. ಮೊಳೆ ಇರಲಿಲ್ಲ. ಎಲ್ಲೋ ಆಳದಲ್ಲಿ ಒಂದು ಮಂಕು ನೋವು, ಅಷ್ಟೇ. ಹಾಲು ಉಕ್ಕಿದ ವಾಸನೆ ಬರುವವರೆಗೆ ಕೂರುವುದು, ಏಳುವುದು ಮಾಡುತ್ತಿದ್ದೆ.

ಆಮೇಲೂ ಕೆಲವು ವಾರ ಹೊರಗೆ ಹೋಗಲಿಲ್ಲ. ಮತ್ತೆ ಬಂದುಬಿಟ್ಟರೆ ಅನ್ನುವ ಭಯ ಒಂದು. ಇನ್ನೊಂದು, ಅಷ್ಟು ದಿನ ಹೋಗದಿದ್ದವಳು ಈಗ ಏನು ಹೇಳಿಕೊಂಡು ಹೋಗಿ ಕೂರುವುದು ಅನ್ನುವ ಸಂಕೋಚ. ಕಾಲು ನೋವಿದ್ದಾಗ ಅದೇ ಕಾರಣವಾಗಿತ್ತು. ಈಗ ಹೊಸಲಲ್ಲಿ ನಿಂತರೆ ಯಾವ ಕಾರಣವೂ ಇರಲಿಲ್ಲ, ಕಾಲು ಮಾತ್ರ ಏಳುತ್ತಿರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟೇಬಿಟ್ಟೆ. ಕಲ್ಲಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ಅಯ್ಯಯ್ಯೋ, ಸೂರ್ಯ ಯಾವ ಕಡೆ ಹುಟ್ಟಿದ್ನಮ್ಮಾ ಇವತ್ತು! ಯಜಮಾನ್ತಿ ಸವಾರಿ ಬಂತು!”

“ಕಣ್ಣು ಸರಿಹೋಯ್ತೇನೋ, ನಾವೆಲ್ಲ ಕಾಣಿಸ್ತಿದೀವಿ.”

ನಾನೂ ನಕ್ಕೆ. ವಾರಗಿತ್ತಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಕೂತೆ. ಅವಳ ತೋಳು ನನ್ನ ತೋಳಿಗೆ ತಾಗಿತು. ಎಷ್ಟೋ ತಿಂಗಳಿಂದ ಈ ಗಳಿಗೆಗೆ ಮಾತು ಕೂಡಿಟ್ಟುಕೊಂಡಿದ್ದೆ. ಆಸ್ಪತ್ರೆಯ ಹುಡುಗಿ, ಬಸ್ಸಿನ ಕಂಡಕ್ಟರು, ನಾನು ಕೂಗಿದ್ದು, ಎಲ್ಲ ಅವಳಿಗೆಂದೇ ಇಟ್ಟಿದ್ದು.

“ಊಟ ಆಯ್ತಾಕ್ಕ?” ಅಂದಳು.

“ಆಯ್ತು. ನಿಂದು?”

“ಆಯ್ತು. ಬದನೆಕಾಯಿ ಗೊಜ್ಜು.”

“ನಮ್ಮನೇಲೂ ಬದನೆಕಾಯೇ.”

ಅಲ್ಲಿಗೆ ನಿಂತಿತು. ಅವಳ ದನಿ ನಾನು ತಿಳಿದುಕೊಂಡದ್ದಕ್ಕಿಂತ ತೆಳುವಾಗಿತ್ತು. ಪಕ್ಕದಲ್ಲಿ ಕೂತಿದ್ದರಿಂದ ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವಳಿಗೆ ಕಾಣುತ್ತಿರಲಿಲ್ಲ. ಎದುರಾಬದುರಾಗಿ ನಿಂತು ವರ್ಷಗಟ್ಟಲೆ ಮಾತಾಡಿದ ನಾವು ಪಕ್ಕಪಕ್ಕ ಕೂತು ಮಾತಾಡಲು ಕಲಿತಿರಲೇ ಇಲ್ಲ. ಆ ಕಡೆ ಈ ಕಡೆ ಇದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು ಬೇರೆ. ಯಾರದೋ ಮಗಳ ಸೀಮಂತದ ವಿಷಯ ಬಂತು. ಇಬ್ಬರೂ ಅದಕ್ಕೆ ಹೂಂ ಹೂಂ ಅಂದೆವು.

“ಕರೆಂಟು ಬಂತೂ!” ಅಂತ ಯಾರೋ ಕೂಗಿದರು. ಎಲ್ಲರೂ ಎದ್ದರು. ನಾನೂ ಎದ್ದೆ, ಎಲ್ಲರ ಹಾಗೇ. ಹಿಮ್ಮಡಿ ಮಾತಾಡಲಿಲ್ಲ. ಅವಳು ಮಾತ್ರ ಕೂತೇ ಇದ್ದಳು, ನನ್ನ ಕಾಲನ್ನು ನೋಡುತ್ತಾ. ಉಳಿದವರು ದೂರವಾದ ಮೇಲೆ ಮೆಲ್ಲಗೆ ಹೇಳಿದಳು.

“ಈಗ ಬೇಗ ಹೋಗ್ತೀಯ ಗೋಡೆ ಪಕ್ಕದ ಮಗ್ಗಕ್ಕೆ. ಮೊದ್ಲು ಅದು ನಿಂತ್ರೆ ಎಷ್ಟೊತ್ತು ನಿಂತೇ ಇರೋದು.”

ನಾನು ಅವಳ ಮುಖದ ಕಡೆ ತಿರುಗಿದೆ.

“ನಂದು ನಿಂತಾಗ ಗೋಡೆ ಆಚೆ ನಿಂದು ಓಡ್ತಿದ್ಯೋ ನಿಂತಿದ್ಯೋ ಕೇಳ್ಸುತ್ತಲ್ಲಕ್ಕ. ಇವ್ರಿಗೆ ಹೇಳಿಲ್ಲ ಬಿಡು” ಅಂದಳು. ಅಷ್ಟು ಹೇಳಿ ಎದ್ದು, ಸೀರೆಯ ಹಿಂಭಾಗ ಕೊಡವಿಕೊಂಡು ತನ್ನ ಬಾಗಿಲಿಗೆ ಹೋದಳು. ಅಷ್ಟರಲ್ಲಿ ಬೀದಿಯ ಮಗ್ಗಗಳೆಲ್ಲ ಶುರುವಾಗಿದ್ದವು. ನಾನು ಏನಾದರೂ ಅಂದಿದ್ದರೂ ಅವಳ ಬೆನ್ನಿಗೆ ಕೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಇನ್ನೂ ಕೆಲವು ಸಲ ಹಾಗೆ ಕೂತೆವು. ಮಾತು ಬದನೆಕಾಯಿ, ಹುರುಳಿಕಾಯಿಯಿಂದ ಆಚೆ ಹೆಚ್ಚು ಹೋಗಲಿಲ್ಲ. ಕಾಲಿನ ವಿಷಯ ಅವಳೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆಗಾಲಕ್ಕೆ ಮುಂಚೆ ಮೈದುನನಿಗೆ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಶಿಫ್ಟಿಗೆ ಹತ್ತಿರವಾಗಲೆಂದು ಅಲ್ಲೇ ಬಾಡಿಗೆ ಮನೆ ಹಿಡಿದರು. ಮೂರು ಮಗ್ಗ ಮಾರಿದರು. ಹೊರಡುವ ದಿನ ಅವಳು ಬಂದು ಹೊಸಲಾಚೆಯಿಂದಲೇ “ಬರ್ತೀನಕ್ಕ” ಅಂದಳು. “ಹೂಂ, ಹೋಗ್ಬಾ” ಅಂದೆ. ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

ಏಳನೆಯ ಮಗ್ಗ ಯಾರದೆಂದು ಮತ್ತೆ ಯಾರೂ ಕೇಳಲಿಲ್ಲ. ಹಿಮ್ಮಡಿ ಮತ್ತೆ ನೋಯಲಿಲ್ಲ. ನಾಲ್ಕೂ ಮಗ್ಗವನ್ನು ಅನೇಕ ವರ್ಷ ನಾನೇ ಓಡಿಸಿದೆ. ಗೋಡೆ ಪಕ್ಕದ ಮಗ್ಗ ನಿಂತರೆ ಮಾತ್ರ ಹೋಗಲು ಅವಸರ ಮಾಡುತ್ತಿರಲಿಲ್ಲ. ನಡೆಯಲು ಏನೂ ತೊಂದರೆ ಇರಲಿಲ್ಲ. ಸುಮ್ಮನೆ, ಗೋಡೆಯಾಚೆ ಕೇಳುವವಳಿಲ್ಲದಿದ್ದರೂ, ಸ್ವಲ್ಪ ಹೊತ್ತು ಅದನ್ನು ಹಾಗೇ ನಿಲ್ಲಲು ಬಿಡುತ್ತಿದ್ದೆ.